ಹಸ್ತಾಕ್ಷರವಿರುವ ಹಳೇ ಪುಸ್ತಕ: ಲೈಬ್ರರಿಯಲ್ಲಿ ಓದುಗರು ಫೋಟೊ ತೆಗೆಯಬಹುದೇ?

ಪರ: ಖಂಡಿತ ತೆಗೆಯಲಿ

ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಅಚ್ಚಾದ ಪುಟಗಳು ಇವತ್ತು ನೆಟ್‌ನಲ್ಲೇ ಸಿಗುತ್ತವೆ. ಆದರೆ ಯಾವುದೋ ಊರಿನ ಲೈಬ್ರರಿಯ ಪ್ರತಿಯಲ್ಲಿ ಒಬ್ಬ ಮೇಷ್ಟ್ರು ಶಿಷ್ಯನಿಗೆ ನಾಲ್ಕು ಸಾಲು ಬರೆದುಕೊಟ್ಟಿದ್ದರೆ, ಅದು ಇರುವುದು ಆ ಒಂದೇ ಪ್ರತಿಯಲ್ಲಿ. ಹೋದರೆ ಹೋಯಿತು.

ಹೇಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ನಮ್ಮ ಕಡೆಯ ಒಂದು ಹಳೇ ಲೈಬ್ರರಿಗೆ ನಮ್ಮ ತಾತನ ಗುರುಗಳು ಒಂದು ಪುಸ್ತಕ ಕೊಟ್ಟಿದ್ದರು. ರಟ್ಟು ತೆರೆದ ಕೂಡಲೇ ಕಂದು ಬಣ್ಣಕ್ಕೆ ತಿರುಗಿದ ಶಾಯಿ, ಓರೆ ಅಕ್ಷರ, ತಾರೀಖು, ಕೆಳಗೆ ರುಜು. ‘ಒಂದು ಫೋಟೊ ತೆಗೆದುಕೊಳ್ಳಲಾ?’ ಅಂದೆ. ‘ಪರ್ಮಿಷನ್ ಇಲ್ಲ ಸಾರ್’ ಅಂದರು. ಕೆಲವು ವರ್ಷ ಬಿಟ್ಟು ಹೋದರೆ ಪುಸ್ತಕಕ್ಕೆ ಹೊಸ ಬೈಂಡಾಗಿತ್ತು. ಹಳೇ ರಟ್ಟಿನ ಜೊತೆ ಆ ಹಾಳೆಯೂ ಹೋಗಿತ್ತು. ಬೈಂಡ್ ಮಾಡಿದವರಿಗೆ ಅದು ಅಚ್ಚಿಲ್ಲದ ಹಾಳೆ, ಅಷ್ಟೆ. ಯಾರೂ ಕದ್ದಿರಲಿಲ್ಲ, ಹರಿದಿರಲಿಲ್ಲ. ಒಂದೇ ಒಂದು ಫೋಟೊ ಇದ್ದಿದ್ದರೆ ಆ ಅಕ್ಷರ ಇವತ್ತು ನಮ್ಮ ಮಕ್ಕಳೂ ನೋಡಬಹುದಿತ್ತು.

1981ರಲ್ಲಿ ಶ್ರೀಲಂಕಾದ ಜಾಫ್ನಾ ಲೈಬ್ರರಿಗೆ ಬೆಂಕಿ ಇಟ್ಟಾಗ ಸುಮಾರು 97,000 ಪುಸ್ತಕ, ಹಸ್ತಪ್ರತಿಗಳು ಸುಟ್ಟುಹೋದವು. ನಕಲು ಇಲ್ಲದ ಯಾವುದೂ ವಾಪಸ್ ಬರಲಿಲ್ಲ. ಬ್ರಿಟಿಷ್ ಲೈಬ್ರರಿಯಂಥ ಬ್ರಿಟಿಷ್ ಲೈಬ್ರರಿಯೇ 2015ರಿಂದ ಓದುಗರಿಗೆ ತಮ್ಮ ಫೋನಿನಲ್ಲಿ ಫೋಟೊ ತೆಗೆಯಲು ಬಿಟ್ಟಿದೆ, ಫ್ಲ್ಯಾಶ್ ಮಾತ್ರ ಕೂಡದು. ನಮಗೆ ಯಾಕೆ ಆಗುವುದಿಲ್ಲ? ಕಾಪಿರೈಟ್ ಅಂತ ಹೆದರಿಸುತ್ತಾರೆ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಹೋಗಿ 60 ವರ್ಷವಾದ ಮೇಲೆ ಪುಸ್ತಕದ ಹಕ್ಕು ಮುಗಿಯುತ್ತದೆ. ಹಾಳೆ ಇದ್ದಾಗಲೇ ಫೋಟೊ ತೆಗೆಯಲು ಬಿಡಿ.

ವಿರೋಧ: ಓದುಗರ ಕೈಗೆ ಬೇಡ

ಫೋಟೊನೇ ಬೇಡ ಅನ್ನುವಷ್ಟು ಗಟ್ಟಿ ವಿರೋಧ ನನ್ನದಲ್ಲ. ಓದುಗರೇ ತೆಗೆಯುವುದು ಬೇಡ ಅನ್ನುತ್ತೇನೆ. ಹಳೇ ಪುಸ್ತಕದ ಜೀವ ಇರುವುದು ಬೆನ್ನಿನಲ್ಲಿ. ಓದುವುದಕ್ಕೆ ಅರ್ಧ ತೆರೆದರೆ ಸಾಕು. ಫೋಟೊಗಾದರೆ ಪುಟ ಸಪಾಟಾಗಿ ಮಲಗಬೇಕು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪುಟ ಒತ್ತಿ ಹಿಡಿಯುತ್ತಾರೆ. ಒಳಗೆ ಹೊಲಿಗೆ ಬಿಡುತ್ತದೆ. ಮರದ ತಿರುಳಿನ ಅಗ್ಗದ ಕಾಗದವಾದರೆ ಅದರಲ್ಲಿರುವ ಆಮ್ಲದಿಂದಲೇ ಒಣಗಿ, ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಮುಂದೊಂದು ದಿನ ಬೆಂಕಿ ಬೀಳಬಹುದು ಅಂತ ಇವತ್ತೇ ಬೆನ್ನು ಮುರಿಯಬೇಕೇ?

ರುಜು ಇರುವ ಪುಟ ವಾಟ್ಸಾಪಿನಲ್ಲಿ ಓಡಾಡಿದರೆ ಅದರ ಬೆಲೆ ಬೇಡದವರಿಗೂ ತಿಳಿಯುತ್ತದೆ. ಬ್ಲೇಡು ಹಾಕಿ ಹಾಳೆ ಕೀಳುವವರು ಇದ್ದೇ ಇದ್ದಾರೆ ಅಲ್ವಾ? ಓದುಗರು ಅರ್ಜಿ ಕೊಡಲಿ. ಸಿಬ್ಬಂದಿಯೇ ಎರಡೂ ರಟ್ಟಿಗೆ ಆಸರೆ ಕೊಟ್ಟು, ಬೆನ್ನಿಗೆ ಭಾರ ಬೀಳದಂತೆ ಫೋಟೊ ತೆಗೆದು ಕೊಡಲಿ. ಸ್ವಲ್ಪ ಜಾಸ್ತಿ ದಿನ ಕಾಯಬೇಕಾದರೂ ಪರವಾಗಿಲ್ಲ.