ಬರೀ ವಾಕಿಂಗ್ ಸಾಲದು, ತೋಳು ತೊಡೆಗೂ ಕೆಲಸ ಕೊಡಿ

ತುಮಕೂರಿನ ಅಮಾನಿಕೆರೆ ಹತ್ತಿರ ಬೆಳಿಗ್ಗೆ ನಡೆಯುವವರನ್ನು ಮಾತಾಡಿಸಿ ನೋಡಿ, ಎಷ್ಟೋ ಜನ ಶುಗರ್‌ಗೆ ಅಂತಲೇ ಬಂದಿರುತ್ತಾರೆ. ಒಳ್ಳೆಯದೇ. ಆದರೆ ಒಂದು ಸುತ್ತು ನಡೆದು, ಮನೆಗೆ ಹೋಗಿ ಮಾತ್ರೆ ನುಂಗಿದರೆ ಮುಗೀತು ಅಂದುಕೊಂಡುಬಿಟ್ಟಿದ್ದೇವೆ ಅಲ್ವಾ, ಅದಕ್ಕೇ ನನ್ನ ತಕರಾರು. ಮಾತ್ರೆ ಬೇಕು, ವಾಕಿಂಗ್ ಬೇಕು, ಜೊತೆಗೆ ಮಾಂಸಖಂಡಕ್ಕೆ ಭಾರ ಬೀಳುವ ವ್ಯಾಯಾಮವೂ ಬೇಕು. ನಮ್ಮ ಅಮ್ಮನ ಚೀಟಿಯಲ್ಲಿ ವರ್ಷ ವರ್ಷ ಮಾತ್ರೆ ಬದಲಾಗುತ್ತಾ ಬಂತು, ವ್ಯಾಯಾಮಕ್ಕೆ ಮಾತ್ರ ಪ್ರತಿ ಸಲವೂ "ವಾಕ್ ಮಾಡಿ" ಅನ್ನುವ ಎರಡೇ ಮಾತು.

ಇನ್ಸುಲಿನ್ ರಕ್ತದಿಂದ ತೆಗೆಯುವ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗಿ ಸೇರುವುದು ಮಾಂಸಖಂಡಕ್ಕೆ. ಖಂಡವೇ ಕರಗಿದರೆ ಉಂಡ ಮುದ್ದೆಯ ಸಕ್ಕರೆ ಹೋಗುವುದಾದರೂ ಎಲ್ಲಿಗೆ? ವಯಸ್ಸಾದಂತೆ ಅದು ಕರಗುತ್ತಲೇ ಇರುತ್ತದೆ. ನಮ್ಮವರಲ್ಲಂತೂ ನೋಡಲು ತೆಳ್ಳಗಿದ್ದರೂ ಖಂಡ ಕಮ್ಮಿ, ಹೊಟ್ಟೆಯ ಕೊಬ್ಬು ಜಾಸ್ತಿ ಇರುವವರು ಬೇಕಾದಷ್ಟಿದ್ದಾರೆ. ಇನ್ನೊಂದು ವಿಷಯ ಓದಿದಾಗ ನನಗೆ ನಿಜವಾಗಲೂ ಖುಷಿಯಾಯಿತು: ಕೆಲಸ ಮಾಡುತ್ತಿರುವ ಖಂಡ ಇನ್ಸುಲಿನ್‌ಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಶುಗರ್‌ಗೆ ಸಾಮಾನ್ಯವಾಗಿ ಕೊಡುವ ಮಾತ್ರೆ ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ಸಕ್ಕರೆ ಬಿಡುವುದನ್ನು ತಗ್ಗಿಸುತ್ತದೆ. ಎರಡೂ ಬೇರೆ ಬೇರೆ ಕಡೆಯಿಂದ ಕೆಲಸ ಮಾಡುತ್ತವೆ, ಹಾಗಾಗಿ ಎರಡೂ ಇರಲಿ.

ಅಮೆರಿಕದ ಲೂಸಿಯಾನಾದಲ್ಲಿ ಶುಗರ್ ಇರುವ 262 ಜನರ ಮೇಲೆ ಒಂಬತ್ತು ತಿಂಗಳು ನಡೆದ ಅಧ್ಯಯನ 2010ರಲ್ಲಿ ಬಂತು. ಬರೀ ನಡೆದವರಲ್ಲೂ ಬರೀ ಭಾರ ಎತ್ತಿದವರಲ್ಲೂ ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ, ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಎರಡನ್ನೂ ಸೇರಿಸಿ ಮಾಡಿದವರಲ್ಲಿ ಇಳಿಯಿತು, ಅದೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಮಾಡಿ.

"ಈ ವಯಸ್ಸಲ್ಲಿ ಜಿಮ್ಮಾ?" ಅಂತ ಕೇಳುತ್ತೀರಿ. ಜಿಮ್ಮೇ ಬೇಕಿಲ್ಲ. ನಮ್ಮ ಗರಡಿ ಮನೆಗಳ ಬಸ್ಕಿ ಇದೇ ತಾನೇ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದು, ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಟ್ಟು. ಸುಲಭ ಅನಿಸಿದ ಮೇಲೆ ಭಾರ ಸ್ವಲ್ಪ ಸ್ವಲ್ಪ ಏರಿಸಬೇಕು, ಇದನ್ನೇ ಜನ ಬಿಟ್ಟುಬಿಡುತ್ತಾರೆ. ಹೆಂಗಸರಿಗೆ ಮನೆಕೆಲಸವೇ ವ್ಯಾಯಾಮ ಅನ್ನುವವರಿಗೆ ಒಂದು ಮಾತು: ಪಾತ್ರೆ ತೊಳೆದರೆ ಸುಸ್ತಾಗುತ್ತದೆ, ತೊಡೆಗೆ ಬಲ ಬರುವುದಿಲ್ಲ. ಅಮ್ಮ ಈಗ ಸೊಸೆ ಜೊತೆ ಬಸ್ಕಿ ಹೊಡೆಯುತ್ತಾರೆ, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯುವುದು ಕಮ್ಮಿಯಾಗಿದೆ.

ಆದರೆ ದಯವಿಟ್ಟು, ಇದನ್ನು ಓದಿ ಮಾತ್ರೆ ಬಿಡಬೇಡಿ. ಗ್ಲಿಮೆಪಿರೈಡ್ ಥರದ, ದೇಹದ ಇನ್ಸುಲಿನ್ ಹೆಚ್ಚಿಸುವ ಮಾತ್ರೆಯೋ ಇನ್ಸುಲಿನ್ನೋ ತಗೊಳ್ಳುವವರು ವ್ಯಾಯಾಮ ಜಾಸ್ತಿ ಮಾಡಿದರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು, ಕೆಲವರಿಗೆ ಅದೇ ದಿನ ರಾತ್ರಿ ಹೊತ್ತಲ್ಲೂ. ಬೆವರು, ನಡುಕ, ಕಣ್ಣು ಮಂಜು ಅಂದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ, ಕಾಲು ಗಂಟೆ ಬಿಟ್ಟು ಮತ್ತೆ ಚೆಕ್ ಮಾಡಿ. ಡೋಸ್ ಕಮ್ಮಿ ಮಾಡುವುದು ಡಾಕ್ಟರ ಕೆಲಸ, ನಮ್ಮದಲ್ಲ. ಶುಗರ್‌ನಿಂದ ಕಣ್ಣಿನ ಹಿಂಪದರಕ್ಕೆ (ರೆಟಿನಾ) ತೊಂದರೆ ಇರುವವರು, ಹಾರ್ಟ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಲೇಬೇಡಿ. ಯಾರೇ ಆಗಲಿ, ಉಸಿರು ಬಿಗಿಹಿಡಿದು ಭಾರ ಎತ್ತಬೇಡಿ.

ತುಮಕೂರಲ್ಲಿ ಅರವತ್ತು ದಾಟಿದವರಿಗೆ ತಾಳ್ಮೆಯಿಂದ ಇದನ್ನು ಹೇಳಿಕೊಡುವವರು ಯಾರಾದರೂ ಇದ್ದರೆ ಕಾಮೆಂಟಲ್ಲಿ ತಿಳಿಸಿ. ಅಮ್ಮನ ಜೊತೆ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬರುತ್ತೇನೆ.