ಆಪರೇಷನ್ ಆದ ಮೇಲೂ ನೋವು ಬಂದರೆ

ಎಂಡೊಮೆಟ್ರಿಯೋಸಿಸ್‌ಗೆ ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್ ಮಾಡಿಸಿಕೊಂಡ ಹೆಣ್ಣುಮಗಳು ಒಂದೆರಡು ವರ್ಷಗಳ ನಂತರ ಮತ್ತೆ ಹೊಟ್ಟೆನೋವು ಎಂದರೆ, ನಮ್ಮ ದಾವಣಗೆರೆಯ ಮನೆಗಳಲ್ಲಿ ಮೊದಲು ಬರುವ ಮಾತು 'ಗಡ್ಡೆ ತೆಗೆಸಿ ಆಯ್ತಲ್ಲ, ಇನ್ನೆಂಥ ನೋವು' ಎಂಬುದು. ಆ ಮಾತು ಕೇಳಿಸಿಕೊಂಡವರಲ್ಲಿ ನಾನೂ ಒಬ್ಬಳು. ಶಸ್ತ್ರಚಿಕಿತ್ಸೆಯಾದರೆ ಕಾಯಿಲೆ ಮುಗಿಯಿತು ಎಂಬ ನಂಬಿಕೆಯನ್ನು ಬೆಳೆಸುವುದರಲ್ಲಿ ಮನೆಯವರಷ್ಟೇ ಪಾಲು ಆಸ್ಪತ್ರೆಗಳದ್ದೂ ಇದೆ ಎಂಬುದು ನನ್ನ ಅಭಿಪ್ರಾಯ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯ, ಕಿಬ್ಬೊಟ್ಟೆಯ ಒಳಪೊರೆ, ಕೆಲವೊಮ್ಮೆ ಕರುಳಿನ ಮೇಲೂ ಬೆಳೆಯುವ ಈ ಕಾಯಿಲೆಗೆ ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಹಾರ್ಮೋನೇ ಪೋಷಣೆ. ಸರ್ಜನ್ ಕಣ್ಣಿಗೆ ಕಂಡದ್ದನ್ನು ತೆಗೆಯುತ್ತಾರೆ. ಕಾಣದೆ ಉಳಿದದ್ದು ಅಂಡಾಶಯ ಕೆಲಸ ಮಾಡುತ್ತಿರುವವರೆಗೂ ಬೆಳೆಯಬಹುದು. ಐದು ವರ್ಷಗಳೊಳಗೆ ಶೇ. 40ರಿಂದ 50ರಷ್ಟು ಮಂದಿಗೆ ಮರುಕಳಿಸಬಹುದೆಂಬ ಅಂದಾಜು ವೈದ್ಯರಿಗೆ ಹೊಸದೇನಲ್ಲ, ರೋಗಿಗೆ ಮಾತ್ರ ಅದನ್ನು ಡಿಸ್ಚಾರ್ಜ್ ದಿನ ಯಾರೂ ಹೇಳುವುದಿಲ್ಲ.

ಆದ್ದರಿಂದಲೇ ಎಶ್ರೆ ಎಂಬ ಯುರೋಪಿನ ವೈದ್ಯ ಸಂಘ 2022ರ ತನ್ನ ಮಾರ್ಗಸೂಚಿಯಲ್ಲಿ, ಕೂಡಲೇ ಮಗು ಬೇಡವೆನ್ನುವವರಿಗೆ ಆಪರೇಷನ್ ನಂತರ ಹಾರ್ಮೋನ್ ಚಿಕಿತ್ಸೆ ನೀಡಬಹುದೆಂದು ಹೇಳಿದೆ. ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು ದಿನಕ್ಕೆ 2 ಮಿ.ಗ್ರಾಂ. ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್ ಕೂಡ ಇದೆ. ಮಾತ್ರೆ ಕಾಯಿಲೆಯನ್ನು ಅದುಮಿಡುತ್ತದೆಯೇ ಹೊರತು ಬುಡಸಮೇತ ಕೀಳುವುದಿಲ್ಲ, ಹಾಗಾಗಿ ಅದನ್ನು ದೀರ್ಘಕಾಲ ತೆಗೆದುಕೊಳ್ಳಬೇಕಾಗುತ್ತದೆ. ಬಿಪಿ ಮಾತ್ರೆ ನುಂಗುವ ಮಾವನವರಿಗೆ ಯಾರೂ 'ಇನ್ನೂ ಎಷ್ಟು ದಿನ' ಎಂದು ಕೇಳುವುದಿಲ್ಲ. ಸೊಸೆಯ ಡೈನೋಜೆಸ್ಟ್ ಪಟ್ಟಿಯ ಮೇಲೆ ಮಾತ್ರ ಎಲ್ಲರ ಕಣ್ಣು. ಮೊದಲ ತಿಂಗಳುಗಳಲ್ಲಿ ಬಿಟ್ಟು ಬಿಟ್ಟು ಕಾಣಿಸುವ ರಕ್ತ, ತಲೆನೋವು, ಮಂಕುತನ ಇವೆಲ್ಲ ಆಗಬಹುದೆಂದು ಮೊದಲೇ ತಿಳಿಸಿದ್ದರೆ, ಮಾತ್ರೆ ಒಗ್ಗಲಿಲ್ಲವೆಂದು ತಾವಾಗಿಯೇ ನಿಲ್ಲಿಸುವವರು ಕಡಿಮೆಯಾಗುತ್ತಿದ್ದರು. ಮನಸ್ಸು ತೀರಾ ಕುಗ್ಗಿದರೆ ಸಹಿಸಿಕೊಂಡು ಕೂರಬೇಕಿಲ್ಲ. ಡಾಕ್ಟರಿಗೆ ಹೇಳಿದರೆ ಬೇರೆ ದಾರಿಗಳಿವೆ.

ನೋವಿನ ಮಾತ್ರೆಯ ವಿಷಯದಲ್ಲೂ ನಾವು ಉದಾರಿಗಳು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುತ್ತದೆಂದು ನುಂಗುವ ಮೆಫೆನಾಮಿಕ್ ಆಸಿಡ್ ಕುರಿತು, ಅಪರೂಪಕ್ಕೆ ತೀವ್ರ ಅಲರ್ಜಿ ತರಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗವೇ 2023ರಲ್ಲಿ ಎಚ್ಚರಿಸಿತ್ತು.

ಮರಳಿ ಬಂದ ನೋವೆಲ್ಲ ಮರಳಿ ಬಂದ ಗಡ್ಡೆಯೇ ಆಗಿರಬೇಕಿಲ್ಲ ಎಂಬುದನ್ನು ನಾನು ತಡವಾಗಿ ತಿಳಿದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ, ವರ್ಷಗಟ್ಟಲೆ ನೋವಿಗೆ ಬಿಗಿದುಕೊಂಡ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಮತ್ತು ಅತಿಸೂಕ್ಷ್ಮವಾಗಿಬಿಟ್ಟ ನರಗಳು ತಮ್ಮಷ್ಟಕ್ಕೆ ನೋವು ಹುಟ್ಟಿಸಬಲ್ಲವು. ನನಗಂತೂ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತು ಎದ್ದಾಗ ಬಲತೊಡೆಯ ಒಳಭಾಗದವರೆಗೆ ಎಳೆಯುವ ನೋವು ಮುಟ್ಟಿಗೂ ತಾರೀಖಿಗೂ ಸಂಬಂಧವಿಲ್ಲದೆ ಬರುತ್ತಿತ್ತು. ಅದಕ್ಕೆ ಇನ್ನೊಂದು ಆಪರೇಷನ್ ಮದ್ದಲ್ಲ. ಉಸಿರಾಟದೊಂದಿಗೆ ಆ ಸ್ನಾಯುಗಳನ್ನು ಸಡಿಲಿಸುವುದನ್ನು ಕಲಿಸುವ ಫಿಸಿಯೋಥೆರಪಿ ನನಗೆ ಬಿಸಿನೀರಿನ ಚೀಲಕ್ಕಿಂತ ಹೆಚ್ಚು ಉಪಕಾರ ಮಾಡಿತು. ಎರಡು ಮೆಡಿಕಲ್ ಕಾಲೇಜುಗಳಿರುವ ಈ ಊರಿನಲ್ಲಿ ಮಂಡಿಗೂ ಸೊಂಟಕ್ಕೂ ಫಿಸಿಯೋಥೆರಪಿ ಸುಲಭವಾಗಿ ಸಿಗುತ್ತದೆ, ಇದಕ್ಕೆ ಹುಡುಕಾಡಬೇಕಾಯಿತು.

ಮತ್ತೆ ಮತ್ತೆ ಆಪರೇಷನ್ ಮಾಡಿಸುವುದು ಪುಕ್ಕಟೆಯಲ್ಲ. ಚಾಕೊಲೇಟ್ ಸಿಸ್ಟ್, ಅಂದರೆ ಈ ಕಾಯಿಲೆಯಿಂದ ಅಂಡಾಶಯದಲ್ಲಿ ಹಳೆ ರಕ್ತ ತುಂಬಿಕೊಂಡ ಗಡ್ಡೆ ತೆಗೆಯುವಾಗ ಅಂಡಾಶಯದ ಆರೋಗ್ಯವಂತ ಭಾಗವೂ ಸ್ವಲ್ಪ ಹೋಗಿ, ಮುಂದೆ ಮಗು ಬಯಸುವವರ ಅಂಡಾಣುಗಳ ಸಂಗ್ರಹ ಕುಗ್ಗಬಹುದು. 'ಗರ್ಭಕೋಶ ತೆಗೆಸಿಬಿಡಿ, ರಗಳೆಯೇ ಇರಲ್ಲ' ಎಂಬ ಸಲಹೆ ಜಗಳೂರಿನಿಂದ ಹರಿಹರದವರೆಗೆ ಧಾರಾಳವಾಗಿ ಸಿಗುತ್ತದೆ. ಕಾಯಿಲೆ ಗರ್ಭಕೋಶದ ಹೊರಗಿರುವಾಗ ಅದೊಂದನ್ನೇ ತೆಗೆದರೆ ನೋವು ಹೋಗುತ್ತದೆಂಬ ಖಾತರಿಯಿಲ್ಲ. ಕೆಲವರಿಗೆ ಮರುಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕಾಗುತ್ತದೆ, ಮುಖ್ಯವಾಗಿ ಕರುಳು ಅಥವಾ ಮೂತ್ರನಾಳಕ್ಕೆ ತೊಂದರೆಯಾದಾಗ, ಆಗ ಅದರಲ್ಲಿ ಪಳಗಿದ ಕೈಯೇ ಬೇಕು.

ಆಪರೇಷನ್‌ಗೆ ಹೊರಟಿರುವವರು ಬಿಲ್ಲಿನ ಜೊತೆಗೆ ಆಪರೇಷನ್ ನೋಟ್ ಮತ್ತು ಬಯಾಪ್ಸಿ ವರದಿಯನ್ನು ಕೇಳಿ ಪಡೆಯಿರಿ. ನನ್ನ ಡಿಸ್ಚಾರ್ಜ್ ಹಾಳೆಯಲ್ಲಿದ್ದದ್ದು 'ಸಿಸ್ಟ್ ತೆಗೆಯಲಾಗಿದೆ' ಎಂಬ ಒಂದು ಸಾಲು. ಕಾಯಿಲೆ ಎಲ್ಲೆಲ್ಲಿತ್ತು, ಕತ್ತರಿಸಿ ತೆಗೆದರೋ ಸುಟ್ಟರೋ, ಏನನ್ನು ಹಾಗೆಯೇ ಬಿಟ್ಟರು ಎಂದು ಮುಂದಿನ ವೈದ್ಯೆ ಕೇಳಿದಾಗ ಆ ಹಾಳೆಯಲ್ಲಿ ಉತ್ತರವಿರಲಿಲ್ಲ.