ನೀರು ಹಾಕೋದು ನಾವು, ತಿನ್ನೋದು ಊರೆಲ್ಲ

ಮಿನ್ನೆಸೋಟದ ಡುಲೂತ್‌ನಲ್ಲಿ ಮನೆ ಮುಂದೆ ಏನು ನೆಡೋಣ ಅಂತ ಯಾರನ್ನೇ ಕೇಳಿ, ಇಲ್ಲಿನದೇ ಮರ ನೆಡಿ, ಆಮೇಲೆ ತಲೆನೋವಿಲ್ಲ ಅನ್ನುತ್ತಾರೆ. ಹಾಗಾಗಿ ಮೌಂಟನ್ ಆಶ್ ನೆಟ್ಟೆವು. ಸುಪೀರಿಯರ್ ಸರೋವರದ ದಡದಲ್ಲಿ, ಬಂಡೆಗಳ ನಡುವೆ, ಮೈಕೊರೆಯುವ ಚಳಿಯಲ್ಲೂ ಯಾರ ಹಂಗೂ ಇಲ್ಲದೆ ಬೆಳೆಯುವ ಮರ ಇದು. ನಮ್ಮ ಅಂಗಳಕ್ಕೆ ಬಂದ ಮೇಲೆ ಮಾತ್ರ ಇದರ ನಖರಾ ಶುರು. ಮಣ್ಣು ಒಣಗಬಾರದು, ಬುಡದಲ್ಲಿ ನೀರೂ ನಿಲ್ಲಬಾರದು, ಬಿಸಿಲು ಬೇಕು ಆದರೆ ಸೆಖೆ ಆಗಬಾರದು.

ಚಳಿಗಾಲಕ್ಕೆ ಮುಂಚೆ ಕಾಂಡಕ್ಕೆ ಬಿಳಿ ಪಟ್ಟಿ ಸುತ್ತಬೇಕು. ಹಗಲಿನ ಬಿಸಿಲಿಗೆ ಬೆಚ್ಚಗಾದ ತೊಗಟೆ ಸಂಜೆ ಒಮ್ಮೆಲೇ ಹೆಪ್ಪುಗಟ್ಟಿದರೆ ಸೀಳಿಬಿಡುತ್ತದೆ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಎಂತದಾ ಮಾರಾಯ, ಮರಕ್ಕೂ ಪಂಚೆ ಉಡಿಸಿದ್ಯಾ?" ಅಂದಳು. ಮೊಲ ಕಡಿಯದಿರಲಿ ಅಂತ ಸುತ್ತ ತಂತಿ ಬಲೆಯನ್ನೂ ಹಾಕಿದ್ದೆವು. ಹಿಮ ಬಿದ್ದು ಬಿದ್ದು ಬಲೆಯೇ ಮುಚ್ಚಿಹೋಯಿತು. ಮೊಲ ಆ ಹಿಮದ ಮೇಲೆ ಆರಾಮಾಗಿ ನಿಂತು, ಪಟ್ಟಿಯೂ ಇಲ್ಲದ ಬಲೆಯೂ ಇಲ್ಲದ ಮೇಲಿನ ರೆಂಬೆಗಳನ್ನು ಕಡಿದುಕೊಂಡು ತಿಂದಿತು.

ಬೇಸಿಗೆಯಲ್ಲಿ ಔಷಧಿ ಹೊಡೆಯುವ ಒಬ್ಬರು ಬಾಗಿಲು ತಟ್ಟಿದರು. ಆಶ್ ಮರಗಳನ್ನೆಲ್ಲ ಹಸಿರು ಹುಳು ಮುಗಿಸ್ತಾ ಇದೆ, ನಿಮ್ಮದಕ್ಕೂ ಇಂಜೆಕ್ಷನ್ ಕೊಡ್ತೀವಿ ಅಂದರು. ಆ ಹುಳುವಿನ ಕಾಟ ನಿಜ. ಆದರೆ ನಮ್ಮದು ಹೆಸರಿಗಷ್ಟೇ ಆಶ್, ನಿಜಕ್ಕೂ ಸೇಬಿನ ನೆಂಟ, ಗುಲಾಬಿ ಕುಟುಂಬದ ಮರ, ಆ ಹುಳು ಇದರ ತಂಟೆಗೆ ಬರೋದಿಲ್ಲ. ಅಷ್ಟು ಹೇಳಿದ್ದಕ್ಕೆ ಅವರು ಹುಲ್ಲುಹಾಸಿನ ಕಳೆಯ ಬಗ್ಗೆ ಶುರು ಮಾಡಿದರು.

ಸೆಪ್ಟೆಂಬರ್‌ನಲ್ಲಿ ಮಲೆನಾಡಿನ ಸಾಗರದಿಂದ ಅಮ್ಮ ಬಂದಳು. ಮರದ ತುಂಬ ಕಿತ್ತಳೆ ಕೆಂಪಿನ ಸಣ್ಣ ಸಣ್ಣ ಹಣ್ಣಿನ ಗೊಂಚಲು. ಅಪ್ಪೆಮಿಡಿ ಊರಿನವಳು ಸುಮ್ನೆ ಬಿಡ್ತಾಳಾ? ಬೇಡ ಅನ್ನುವಷ್ಟರಲ್ಲಿ ಒಂದು ಬಾಯಲ್ಲಿತ್ತು. ಮೊದಲು ಹುಳಿ, ಆಮೇಲೆ ಒಗರು, ಕೊನೆಗೆ ಕಹಿ, ಮೂರೂ ಅವಳ ಮುಖದ ಮೇಲೆ ಒಂದಾದ ಮೇಲೊಂದು ಬಂದು ಹೋದವು. ಉಗುಳಿದ್ದು ಒಳ್ಳೆಯದೇ ಆಯ್ತು, ಹಸಿಯಾಗಿ ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಆದರೆ ಹಾಗಲಕಾಯಿಯನ್ನೇ ಬೆಲ್ಲ ಹಾಕಿ ದಾರಿಗೆ ತಂದವಳಿಗೆ ಇದೇನು ಮಹಾ? ಒಮ್ಮೆ ಚೆನ್ನಾಗಿ ಹೆಪ್ಪುಗಟ್ಟುವ ಚಳಿ ಬಿದ್ದರೆ ಕಹಿ ಇಳಿಯುತ್ತದೆ, ಬೇಯಿಸಿದರೆ ಹೊಟ್ಟೆಗೂ ತೊಂದರೆಯಿಲ್ಲ ಅಂತ ತಿಳಿದದ್ದೇ ತಡ, ಎಳ್ಳು, ಮೆಂತ್ಯ, ಒಣಮೆಣಸು ಹುರಿದು ಗೊಜ್ಜಿನ ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟು ಚಳಿಗೆ ಕಾದಳು. ಮಿನ್ನೆಸೋಟದಲ್ಲಿ ಚಳಿ ಬರಲಿ ಅಂತ ಕಾದವಳು ಅವಳೊಬ್ಬಳೇ ಇರಬೇಕು.

ಚಳಿ ಬಂತು. ಮಾರನೇ ದಿನ ವ್ಯಾಕ್ಸ್‌ವಿಂಗ್ ಹಕ್ಕಿಗಳ ದಂಡೂ ಬಂತು. ತಲೆ ಮೇಲೆ ಜುಟ್ಟು, ಕಣ್ಣಿಗೆ ಕಪ್ಪು ಪಟ್ಟಿ, ಬೆಳಿಗ್ಗೆ ತಿಂಡಿಗೆ ಕೂತವು ಮಧ್ಯಾಹ್ನದ ಹೊತ್ತಿಗೆ ಕೊನೆಯ ಗೊಂಚಲನ್ನೂ ಬಿಡಲಿಲ್ಲ. ಅಮ್ಮ ಡಬ್ಬಿ ಹಿಡಿದುಕೊಂಡೇ ಕಿಟಕಿಯಿಂದ ನೋಡಿದಳು. "ಬೆಲ್ಲನೂ ಇಲ್ದೆ ಹೆಂಗೆ ತಿಂತವೆ ಮಾರಾಯ!"

ಆ ಪುಡಿಯಲ್ಲಿ ರಾತ್ರಿ ಅನಾನಸ್ ಗೊಜ್ಜು ಆಯ್ತು.